ಮನೆಯ ಕಂಪ್ಯೂಟರಿಗೆ ವೈಫೈ ಸಿಗದಿದ್ದಾಗ: ದೋಷ ಎಲ್ಲಿದೆ ಎಂದು ಕಂಡುಹಿಡಿಯುವ ಬಗೆ

‘ವೈಫೈ ಹೋಗಿದೆ’ ಎಂಬ ಒಂದೇ ಮಾತನ್ನು ನಾವು ಕನಿಷ್ಠ ನಾಲ್ಕು ಬೇರೆ ಬೇರೆ ತೊಂದರೆಗಳಿಗೆ ಬಳಸುತ್ತೇವೆ. ಕಂಪ್ಯೂಟರಿನೊಳಗಿನ ವೈಫೈ ಕಾರ್ಡ್ ಕೆಲಸ ನಿಲ್ಲಿಸಿರಬಹುದು. ಕಾರ್ಡ್ ಸರಿಯಿದ್ದರೂ ರೂಟರಿನ ಸಿಗ್ನಲ್ ಆ ಕೋಣೆಯವರೆಗೆ ತಲುಪದಿರಬಹುದು. ಸಿಗ್ನಲ್ ಚೆನ್ನಾಗಿದ್ದೂ ರಸ್ತೆಯಿಂದ ಮನೆಗೆ ಬರುವ ಫೈಬರ್ ಕಡಿದಿರಬಹುದು. ಇವೆಲ್ಲ ಸರಿಯಿದ್ದರೂ ಜಾಲತಾಣದ ಹೆಸರನ್ನು ಅದರ ಅಂಕಿಗಳ ವಿಳಾಸಕ್ಕೆ ಬದಲಿಸಿಕೊಡುವ ಡಿಎನ್‌ಎಸ್ ವ್ಯವಸ್ಥೆ ಕೈಕೊಟ್ಟಿರಬಹುದು. ಪರದೆಯ ಮೇಲೆ ಮಾತ್ರ ಇವು ನಾಲ್ಕೂ ಒಂದೇ ರೀತಿ ಕಾಣುತ್ತವೆ: ಪುಟ ತೆರೆಯುವುದಿಲ್ಲ. ಯಾವುದು ಕೆಟ್ಟಿದೆ ಎಂದು ತಿಳಿಯದೆ ಸರಿಪಡಿಸಲು ಹೊರಟರೆ ಸರಿಯಿದ್ದುದೂ ಕೆಡುತ್ತದೆ. ಉಡುಪಿಯ ಆಸುಪಾಸಿನಲ್ಲಿ ಬಂಧುಗಳ, ನೆರೆಯವರ ಮನೆಗಳಿಗೆ ಈ ಕೆಲಸಕ್ಕಾಗಿ ಹೋಗಿಬರುವ ನಾನು ಅತಿ ಹೆಚ್ಚು ಕಂಡಿರುವುದು ಇದನ್ನೇ. ಮಗ ದುಬೈಯಲ್ಲೋ ಮಗಳು ಬೆಂಗಳೂರಿನಲ್ಲೋ ಇರುವ ಮನೆಯಲ್ಲಿ ಸಂಜೆಯ ವಿಡಿಯೊ ಕರೆ ತಪ್ಪಿದರೆ ಹಿರಿಯರಿಗೆ ಆ ದಿನವೇ ಬರಿದಾಗುತ್ತದೆ. ಆ ಆತಂಕದಲ್ಲಿ ಕೈಗೆ ಸಿಕ್ಕಿದ ಗುಂಡಿಯನ್ನೆಲ್ಲ ಒತ್ತುವುದು ಸಹಜವೇ. ಆದರೂ ಹತ್ತು ನಿಮಿಷ ತಾಳ್ಮೆಯಿಂದ ನೋಡಿದರೆ ದೋಷ ಎಲ್ಲಿದೆಯೆಂಬುದು ಬಹುಪಾಲು ಸಂದರ್ಭಗಳಲ್ಲಿ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಮೊದಲು ಮುಟ್ಟಬಾರದ ಒಂದು ಜಾಗವನ್ನು ಹೇಳಿಬಿಡುತ್ತೇನೆ. ರೂಟರಿನ ಹಿಂಬದಿಯಲ್ಲಿ ಅಥವಾ ಅಡಿಯಲ್ಲಿ ಸೂಜಿಯ ಮೊನೆ ಮಾತ್ರ ಹೋಗುವಷ್ಟು ಚಿಕ್ಕ ತೂತು ಇರುತ್ತದೆ, ಅದರ ಪಕ್ಕದಲ್ಲಿ ‘ರೀಸೆಟ್’ ಎಂದು ಬರೆದಿರುತ್ತದೆ. ರೀಸೆಟ್ ಎಂದರೆ ರೂಟರನ್ನು ಆರಿಸಿ ಮತ್ತೆ ಹಚ್ಚುವುದಲ್ಲ. ಆ ತೂತಿಗೆ ಸೂಜಿ ಹಾಕಿ ಕೆಲವು ಸೆಕೆಂಡು ಒತ್ತಿ ಹಿಡಿದರೆ ರೂಟರಿನಲ್ಲಿ ಸಂಪರ್ಕ ಕೊಟ್ಟವರು ತುಂಬಿಸಿದ್ದ ಪಿಪಿಪಿಓಇ (ಅವರ ಜಾಲಕ್ಕೆ ಲಾಗಿನ್ ಆಗುವ) ಹೆಸರು, ಪಾಸ್‌ವರ್ಡ್, ನೀವು ಇಟ್ಟುಕೊಂಡ ವೈಫೈ ಹೆಸರು, ಎಲ್ಲವೂ ಅಳಿಸಿಹೋಗಿ, ಕಾರ್ಖಾನೆಯಿಂದ ಹೊರಬಂದ ಸ್ಥಿತಿಗೆ ಅದು ಮರಳುತ್ತದೆ. ಆಮೇಲೆ ತಂತ್ರಜ್ಞರು ಬಂದು ಎಲ್ಲವನ್ನೂ ಹೊಸದಾಗಿ ತುಂಬಿಸುವ ತನಕ ಫೋನಿಗೂ ನೆಟ್ ಇಲ್ಲ, ಟಿವಿಗೂ ಇಲ್ಲ. ಕಂಪ್ಯೂಟರೊಂದರಲ್ಲಿ ಮಾತ್ರ ಇದ್ದ ಸಣ್ಣ ದೋಷ ಹೀಗೆ ಇಡೀ ಮನೆಗೆ ಹಬ್ಬಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ನೋಡಿದ್ದೇನೆ.

ಫೋನಿನಿಂದ ಮೊದಲ ಪರೀಕ್ಷೆ

ಕಂಪ್ಯೂಟರಿನ ಪಕ್ಕದಲ್ಲೇ ನಿಂತು ಅದೇ ವೈಫೈಗೆ ಫೋನನ್ನು ಜೋಡಿಸಿ, ಯಾವುದಾದರೂ ಹೊಸ ಪುಟವೊಂದನ್ನು ತೆರೆಯಿರಿ. ಇಲ್ಲಿ ಒಂದು ಎಚ್ಚರಿಕೆ ಅತಿ ಮುಖ್ಯ: ಮೊದಲು ಫೋನಿನ ಮೊಬೈಲ್ ಡೇಟಾವನ್ನು ಆಫ್ ಮಾಡಬೇಕು. ವೈಫೈಯಲ್ಲಿ ನೆಟ್ ಇಲ್ಲವೆಂದು ಕಂಡ ಕೂಡಲೇ ಇಂದಿನ ಫೋನುಗಳು ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಜಾರುತ್ತವೆ. ನೋಡುವವರಿಗೆ ‘ಫೋನಿನಲ್ಲಿ ಬರುತ್ತದೆ, ಕಂಪ್ಯೂಟರಿನಲ್ಲಿ ಮಾತ್ರ ಬರುವುದಿಲ್ಲ’ ಎಂಬ ತಪ್ಪು ತೀರ್ಮಾನ ದೊರಕುತ್ತದೆ, ಅಲ್ಲಿಂದ ಮುಂದಿನ ಎಲ್ಲ ಹುಡುಕಾಟವೂ ದಾರಿ ತಪ್ಪುತ್ತದೆ. ಈ ಒಂದು ಗುಂಡಿಯನ್ನು ಮರೆತು ನಾನೇ ಒಮ್ಮೆ ಇಡೀ ಮಧ್ಯಾಹ್ನ ಕಂಪ್ಯೂಟರಿನ ಡ್ರೈವರ್, ಅಂದರೆ ವೈಫೈ ಕಾರ್ಡನ್ನು ನಡೆಸುವ ತಂತ್ರಾಂಶ, ಬದಲಿಸುತ್ತ ಕುಳಿತಿದ್ದೆ. ತೊಂದರೆ ಇದ್ದದ್ದು ಬೀದಿಯ ಕಂಬದಲ್ಲಿ.

ಮೊಬೈಲ್ ಡೇಟಾ ಇಲ್ಲದೆಯೂ ಫೋನಿನಲ್ಲಿ ಪುಟ ಚೆನ್ನಾಗಿ ತೆರೆದರೆ ರೂಟರ್, ಫೈಬರ್ ಎರಡೂ ಸರಿಯಿವೆ; ಹುಡುಕಬೇಕಾದದ್ದು ಕಂಪ್ಯೂಟರಿನಲ್ಲಿ. ಫೋನಿನಲ್ಲೂ ತೆರೆಯದಿದ್ದರೆ ಫೋನನ್ನು ಹಿಡಿದುಕೊಂಡು ರೂಟರಿನ ಬಳಿಗೆ ಹೋಗಿ ಮತ್ತೆ ನೋಡಿ. ಅಲ್ಲಿ ಬಂದು ಕೋಣೆಯಲ್ಲಿ ಬಾರದಿದ್ದರೆ ಗೋಡೆ ಮತ್ತು ದೂರದ ತೊಂದರೆ. ಎರಡೂ ಕಡೆ ಬಾರದಿದ್ದರೆ ಕಂಪ್ಯೂಟರಿನ ತಂಟೆಗೆ ಹೋಗದೆ ರೂಟರಿನ ದೀಪಗಳನ್ನು ನೋಡಬೇಕು.

ದೀಪಗಳು ಏನು ಹೇಳುತ್ತವೆ

ಈಗ ಹೆಚ್ಚಿನ ಮನೆಗಳಲ್ಲಿ ಇರುವುದು ಫೈಬರ್ ಸಂಪರ್ಕ. ಗೋಡೆಗೆ ಹಾಕಿದ ಬಿಳಿ ಅಥವಾ ಕಪ್ಪು ಪೆಟ್ಟಿಗೆಯೇ ಬೆಳಕಿನ ಸಂಕೇತವನ್ನು ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ, ಅದೇ ವೈಫೈಯನ್ನೂ ಹರಡುತ್ತದೆ. ಅದರ ಮೇಲಿನ ‘ಪಾನ್’ ದೀಪ ಹಸಿರಾಗಿ ಅಲುಗಾಡದೆ ಉರಿಯುತ್ತಿದ್ದರೆ ಹೊರಗಿನ ಬೆಳಕು ಮನೆಗೆ ಬರುತ್ತಿದೆ ಎಂದು ಅರ್ಥ. ‘ಎಲ್‌ಓಎಸ್’ ಎಂಬ ದೀಪ ಕೆಂಪಾಗಿ ಉರಿದರೆ ಅಥವಾ ಮಿಟುಕಿದರೆ ಬೆಳಕು ಬರುತ್ತಿಲ್ಲ, ಇಲ್ಲವೇ ಬರುವ ಬೆಳಕು ಸಾಲದಷ್ಟು ಮಂಕಾಗಿದೆ. ಈ ಸ್ಥಿತಿಯಲ್ಲಿ ಕಂಪ್ಯೂಟರಿನಲ್ಲಿ ನೀವು ಏನು ಮಾಡಿದರೂ ಪ್ರಯೋಜನವಿಲ್ಲ.

ಕೆಂಪು ದೀಪ ಕಂಡ ಕೂಡಲೇ ದೂರು ಕೊಡುವ ಮುನ್ನ ಮನೆಯೊಳಗಿನ ಫೈಬರ್ ತಂತಿಯ ಉದ್ದಕ್ಕೂ ಒಮ್ಮೆ ಕಣ್ಣಾಡಿಸಿ. ಫೈಬರ್ ಎಂದರೆ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ; ಅದನ್ನು ಸಾಧಾರಣವಾಗಿ ಒಂದು ಬಳೆಯ ಸುತ್ತಿಗಿಂತ ಚಿಕ್ಕದಾಗಿ ಬಗ್ಗಿಸಬಾರದು, ಬಗ್ಗಿಸಿದರೆ ಬೆಳಕು ತಿರುವಿನಲ್ಲಿ ಹೊರಕ್ಕೆ ಸೋರುತ್ತದೆ. ಒಮ್ಮೆ ಚೌತಿಗೆ ಮೊದಲು ಮನೆ ತೊಳೆದು ಒರೆಸಿದ ದಿನ ನಮ್ಮಲ್ಲೇ ಹೀಗಾಯಿತು. ಚಾವಡಿಯ ಕಪಾಟನ್ನು ಎಳೆದು ಗುಡಿಸಿ ಮರಳಿ ಗೋಡೆಗೆ ಒತ್ತಿ ಇಟ್ಟಿದ್ದೆವು. ಸಂಜೆಗೆ ಕೆಂಪು ದೀಪ. ಕಪಾಟನ್ನು ನಾಲ್ಕು ಬೆರಳು ಮುಂದಕ್ಕೆ ಎಳೆದಾಗ ಹಿಂದೆ ಹಳದಿ ತಂತಿ ಗೋಡೆಯ ಅಂಚಿನಲ್ಲಿ ಮಡಚಿದ ಕಾಗದದಂತೆ ಚಪ್ಪಟೆಯಾಗಿ ಸಿಕ್ಕಿಕೊಂಡಿತ್ತು. ಬಿಡಿಸಿ ಸಡಿಲವಾಗಿ ಸುತ್ತಿ ಇಟ್ಟ ಒಂದೆರಡು ನಿಮಿಷದಲ್ಲಿ ಕೆಂಪು ಆರಿ ಹಸಿರು ನಿಂತಿತು. ಗಾಜು ಒಳಗೆ ಮುರಿಯದೆ ಉಳಿದದ್ದು ನಮ್ಮ ಅದೃಷ್ಟ. ಮುರಿದಿದ್ದರೆ ಮನೆಯವರು ಸರಿಮಾಡುವ ಕೆಲಸ ಅದಲ್ಲ. ಹಸಿರು ತುದಿಯ ಆ ಕನೆಕ್ಟರನ್ನು ಸುಮ್ಮನೆ ಬಿಚ್ಚಬೇಡಿ, ಬಿಚ್ಚಿದರೂ ಅದರ ಬಾಯಿಗೆ ಬೆರಳು ತಾಗಿಸಬೇಡಿ, ಒಳಗೆ ಇಣುಕಿ ನೋಡಲೇಬೇಡಿ. ಅಲ್ಲಿ ಬರುವುದು ಕಣ್ಣಿಗೆ ಕಾಣದ ಲೇಸರ್ ಬೆಳಕು.

ಪಾನ್ ದೀಪ ಹಸಿರಾಗಿದ್ದು ‘ಇಂಟರ್ನೆಟ್’ ದೀಪ ಮಾತ್ರ ಆರಿದ್ದರೆ ಅಥವಾ ಕೆಂಪಾಗಿದ್ದರೆ ಬೆಳಕು ಬರುತ್ತಿದೆ, ಲಾಗಿನ್ ಆಗುತ್ತಿಲ್ಲ. ತಿಂಗಳ ಹಣ ಮುಗಿದಿದೆಯೇ ಎಂದು ನೋಡಿ. ಇದು ಸರಳವಾದ ಕಾರಣ, ಅದಕ್ಕಾಗಿಯೇ ಯಾರಿಗೂ ಹೊಳೆಯದ ಕಾರಣ. ಹಣ ಕಟ್ಟಿದ್ದರೆ ರೂಟರಿನ ಸ್ವಿಚ್ ಆರಿಸಿ ಅರ್ಧ ನಿಮಿಷ ಬಿಟ್ಟು ಹಚ್ಚಿ. ಪೆಟ್ಟಿಗೆ ಪೂರ್ತಿ ಎಚ್ಚರಗೊಂಡು ಹೊರಗಿನ ಜಾಲದಲ್ಲಿ ತನ್ನ ಗುರುತು ಹೇಳಿಕೊಳ್ಳಲು ಕೆಲವು ನಿಮಿಷ ಬೇಕಾಗುತ್ತದೆ. ಐದು ನಿಮಿಷದೊಳಗೆ ಮತ್ತೆ ಮತ್ತೆ ಆರಿಸಿ ಹಚ್ಚುವುದರಿಂದ ಅದು ಎಂದಿಗೂ ಏಳುವುದಿಲ್ಲ. ಎರಡು ಪೆಟ್ಟಿಗೆಗಳಿದ್ದರೆ ಫೈಬರ್ ಬರುವ ಪೆಟ್ಟಿಗೆಯನ್ನು ಮೊದಲು ಹಚ್ಚಿ, ಅದರ ದೀಪಗಳು ನಿಂತ ಮೇಲೆ ವೈಫೈ ರೂಟರನ್ನು ಹಚ್ಚಬೇಕು.

ಕಂಪ್ಯೂಟರಿಗೆ ಮಾತ್ರ ಬಾರದಿದ್ದಾಗ

ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಪರದೆಯ ಬಲಗಡೆಯ ಕೆಳಮೂಲೆಯನ್ನು ನೋಡಿ. ವೈಫೈಯ ಬೀಸಣಿಗೆ ಚಿಹ್ನೆಯ ಬದಲು ಅಲ್ಲಿ ಭೂಗೋಳದ ಚಿಹ್ನೆ ಇದ್ದರೆ ಕಂಪ್ಯೂಟರು ಯಾವ ಜಾಲಕ್ಕೂ ಸೇರಿಲ್ಲ, ಅಥವಾ ಸೇರಿದರೂ ನೆಟ್ ಸಿಕ್ಕಿಲ್ಲ. ವಿಮಾನದ ಚಿಹ್ನೆ ಇದ್ದರೆ ಏರೋಪ್ಲೇನ್ ಮೋಡ್ ಆನ್ ಆಗಿದೆ. ಲ್ಯಾಪ್‌ಟಾಪಿನ ಮೇಲ್ಸಾಲಿನ ಒಂದು ಕೀಲಿ ಗೊತ್ತಿಲ್ಲದೆ ತಾಗಿದರೂ ಇದಾಗುತ್ತದೆ.

ಜಾಲದ ಹೆಸರು ಕಾಣಿಸುತ್ತದೆ, ಜೋಡಣೆ ಮಾತ್ರ ಆಗುವುದಿಲ್ಲ ಎಂದಾದರೆ ಹಳೆಯ ಪಾಸ್‌ವರ್ಡ್ ಕಂಪ್ಯೂಟರಿನ ನೆನಪಿನಲ್ಲಿ ಉಳಿದಿರುವ ಸಾಧ್ಯತೆ ಹೆಚ್ಚು. ಸೆಟ್ಟಿಂಗ್ಸ್‌ಗೆ ಹೋಗಿ ‘ನೆಟ್‌ವರ್ಕ್ ಆಂಡ್ ಇಂಟರ್ನೆಟ್’, ಅಲ್ಲಿ ‘ವೈಫೈ’, ಅದರೊಳಗೆ ‘ಮ್ಯಾನೇಜ್ ನೋನ್ ನೆಟ್‌ವರ್ಕ್ಸ್’ ತೆರೆದು, ನಿಮ್ಮ ಜಾಲದ ಎದುರು ‘ಫರ್ಗೆಟ್’ ಒತ್ತಿ, ಹೊಸದಾಗಿ ಪಾಸ್‌ವರ್ಡ್ ಕೊಟ್ಟು ಸೇರಿಸಿ. ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವನ್ನು ಪಾಸ್‌ವರ್ಡ್ ಗಮನಿಸುತ್ತದೆಂಬುದು ನೆನಪಿರಲಿ.

ಜಾಲದ ಹೆಸರೇ ಕಾಣದಿದ್ದರೆ ಎರಡು ಕಾರಣಗಳನ್ನು ಯೋಚಿಸಬೇಕು. ವೈಫೈ ಅಲೆಗಳಿಗೆ 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಎಂಬ ಎರಡು ಹರವುಗಳಿವೆ; ಹಳೆಯ ಕಾರ್ಡುಗಳಿಗೆ 2.4 ಮಾತ್ರ ಗೊತ್ತು. ನಿಮ್ಮ ರೂಟರ್ 5 ಗಿಗಾಹರ್ಟ್ಸ್ ಒಂದನ್ನೇ ಹರಡುತ್ತಿದ್ದರೆ ಫೋನಿಗೆ ಕಾಣುವ ಹೆಸರು ಆ ಕಂಪ್ಯೂಟರಿಗೆ ಎಂದಿಗೂ ಕಾಣದು. ರಕ್ಷಣೆಯ ವಿಧಾನವೂ ಹಾಗೆಯೇ: ರೂಟರಿನಲ್ಲಿ ಡಬ್ಲ್ಯುಪಿಎ3 ಮಾತ್ರ ಇಟ್ಟಿದ್ದರೆ ಹಳೆಯ ಕಂಪ್ಯೂಟರುಗಳಿಗೆ ಸೇರಲು ಬರುವುದಿಲ್ಲ, ಡಬ್ಲ್ಯುಪಿಎ2 ಕೂಡ ಸೇರಿರುವ ಮಿಶ್ರ ವಿಧಾನವನ್ನು ಆರಿಸಬೇಕು. ಪಾಸ್‌ವರ್ಡೇ ಇಲ್ಲದೆ ತೆರೆದಿಡುವುದನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಬೇಡಿ.

ಯಾರ ಮನೆಯ ಹೆಸರೂ ಕಾಣುವುದಿಲ್ಲ, ವೈಫೈಯ ಗುಂಡಿಯೇ ಮಾಯವಾಗಿದೆ ಎಂದಾಗ ಕಾರ್ಡ್ ಅಥವಾ ಅದರ ಡ್ರೈವರ್ ಕೆಟ್ಟಿದೆ. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ‘ಡಿವೈಸ್ ಮ್ಯಾನೇಜರ್’ ತೆರೆದು ‘ನೆಟ್‌ವರ್ಕ್ ಅಡಾಪ್ಟರ್ಸ್’ ಸಾಲನ್ನು ಬಿಡಿಸಿ ನೋಡಿ. ವೈಫೈ ಕಾರ್ಡಿನ ಹೆಸರಿನ ಮೇಲೆ ಹಳದಿ ತ್ರಿಕೋನವಿದ್ದರೆ ಡ್ರೈವರಿನ ದೋಷ. ವಿಂಡೋಸ್ ಅಪ್‌ಡೇಟ್ ಆದ ಮರುದಿನವೇ ಇದು ಶುರುವಾಗಿದ್ದರೆ, ಆ ಹೆಸರಿನ ಮೇಲೆ ಎರಡು ಬಾರಿ ಒತ್ತಿ ‘ಡ್ರೈವರ್’ ಎಂಬ ಭಾಗದಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಆರಿಸಿದರೆ ಹಿಂದಿನದು ಮರಳುತ್ತದೆ. ಹೊಸ ಡ್ರೈವರ್ ಇಳಿಸಿಕೊಳ್ಳಬೇಕು, ನೆಟ್ ಇಲ್ಲ ಎಂಬ ಇಕ್ಕಟ್ಟಿಗೂ ದಾರಿಯಿದೆ: ಫೋನನ್ನು ಚಾರ್ಜಿಂಗ್ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ ಫೋನಿನಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿದರೆ ಫೋನಿನ ಡೇಟಾ ತಂತಿಯ ಮೂಲಕವೇ ಕಂಪ್ಯೂಟರಿಗೆ ಸಿಗುತ್ತದೆ. ಕಾರ್ಡಿನ ಹೆಸರೇ ಪಟ್ಟಿಯಲ್ಲಿ ಇಲ್ಲದಿದ್ದರೆ ಅದು ಸ್ಲಾಟಿನಲ್ಲಿ ಸಡಿಲಗೊಂಡಿರಬಹುದು, ಅಥವಾ ಅದರ ತಾಮ್ರದ ಹಲ್ಲುಗಳಿಗೆ ಕಿಲುಬು ಹಿಡಿದಿರಬಹುದು. ಮಲ್ಪೆ, ಉಳ್ಳಾಲದಂತಹ ಕಡಲ ಬದಿಯ ಮನೆಗಳಲ್ಲಿ ಉಪ್ಪುಗಾಳಿಗೆ ಇದು ಬೇಗ ಆಗುತ್ತದೆ. ವಿದ್ಯುತ್ ತಂತಿಯನ್ನು ಪೂರ್ತಿ ಕಳಚಿ, ಕಾರ್ಡನ್ನು ಹೊರತೆಗೆದು, ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಒರೆಸಿ ಮರಳಿ ಕೂರಿಸಬೇಕು.

ಸ್ವಲ್ಪ ಹೊತ್ತು ಬಿಟ್ಟ ಕಂಪ್ಯೂಟರಿಗೆ ಮರಳಿ ಬಂದಾಗ ವೈಫೈ ಇಲ್ಲ ಎಂಬ ದೂರು ಬೇರೆಯದು. ವಿದ್ಯುತ್ ಉಳಿಸಲೆಂದು ವಿಂಡೋಸ್ ಕಾರ್ಡನ್ನು ಮಲಗಿಸುತ್ತದೆ, ಕೆಲವು ಕಾರ್ಡುಗಳು ಮತ್ತೆ ಏಳುವುದಿಲ್ಲ. ಅದೇ ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಹೆಸರಿನೊಳಗೆ ‘ಪವರ್ ಮ್ಯಾನೇಜ್‌ಮೆಂಟ್’ ಎಂಬಲ್ಲಿ ಮೊದಲ ಗುರುತನ್ನು ತೆಗೆದುಬಿಡಿ.

ಇನ್ನೊಂದು ವಿಚಿತ್ರ ದೋಷವೂ ಇದೆ. ವೈಫೈ ಸರಿಯಿದೆ, ಆದರೆ ಪ್ರತಿ ಪುಟದಲ್ಲೂ ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬರುತ್ತದೆ. ಆಗ ಕಂಪ್ಯೂಟರಿನ ದಿನಾಂಕವನ್ನು ನೋಡಿ. ಮದರ್‌ಬೋರ್ಡಿನ ಮೇಲಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಖಾಲಿಯಾದ ಹಳೆಯ ಡೆಸ್ಕ್‌ಟಾಪ್, ಪ್ರತಿ ಕರೆಂಟ್ ಹೋಗಿಬಂದಾಗಲೂ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಜಾಲತಾಣಗಳ ಪ್ರಮಾಣಪತ್ರಗಳಿಗೆ ಕಾಲಾವಧಿ ಇರುವುದರಿಂದ ತಪ್ಪು ತಾರೀಕಿನ ಕಂಪ್ಯೂಟರು ಯಾವ ತಾಣವನ್ನೂ ನಂಬುವುದಿಲ್ಲ. ಬ್ಯಾಟರಿ ಬದಲಿಸಿದರೆ ಮುಗಿಯಿತು.

ಮೂರು ಪಿಂಗ್‌ಗಳು

ಜೋಡಣೆ ಆಗಿದೆ, ಪುಟ ತೆರೆಯುವುದಿಲ್ಲ ಎಂದಾಗ ಊಹೆ ಬಿಟ್ಟು ಅಳತೆಗೆ ಇಳಿಯಬೇಕು. ವಿಂಡೋಸ್ ಕೀಲಿಯನ್ನೂ ‘ಆರ್’ ಕೀಲಿಯನ್ನೂ ಒಟ್ಟಿಗೆ ಒತ್ತಿ, ತೆರೆದ ಚಿಕ್ಕ ಪೆಟ್ಟಿಗೆಯಲ್ಲಿ ‘ಸಿಎಂಡಿ’ ಎಂದು ಬರೆದರೆ ಕಪ್ಪು ಕಿಟಕಿಯೊಂದು ಬರುತ್ತದೆ. ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.

ಮೊದಲು ‘ಐಪಿಕಾನ್ಫಿಗ್’ ಎಂದು ಕೊಡಿ. ಬರುವ ಸಾಲುಗಳಲ್ಲಿ ‘ಐಪಿವಿ4 ಅಡ್ರೆಸ್’ ಎಂಬುದು 192.168ರಿಂದ ಆರಂಭವಾಗಿದ್ದರೆ ಸಾಮಾನ್ಯವಾಗಿ ಎಲ್ಲ ಸರಿ. 169.254ರಿಂದ ಆರಂಭವಾಗಿದ್ದರೆ ರೂಟರಿನಿಂದ ವಿಳಾಸ ಸಿಗದೆ ಕಂಪ್ಯೂಟರು ತಾನೇ ಒಂದನ್ನು ಕಲ್ಪಿಸಿಕೊಂಡಿದೆ ಎಂದರ್ಥ. ಆ ವಿಳಾಸದಿಂದ ಹೊರಜಗತ್ತಿಗೆ ಹೋಗಲಾಗದು. ವೈಫೈ ಆರಿಸಿ ಹಚ್ಚಿ, ಆಗಲೂ ಬದಲಾಗದಿದ್ದರೆ ರೂಟರನ್ನು ಆರಿಸಿ ಹಚ್ಚಿ. ಹಿಂದೆ ಯಾರಾದರೂ ಕೈಯಿಂದ ಸ್ಥಿರ ವಿಳಾಸ ತುಂಬಿಸಿದ್ದರೆ ಅದನ್ನು ‘ಆಟೊಮ್ಯಾಟಿಕ್ ಡಿಎಚ್‌ಸಿಪಿ’ಗೆ ಬದಲಿಸಿ.

ಅದೇ ಪಟ್ಟಿಯ ‘ಡಿಫಾಲ್ಟ್ ಗೇಟ್‌ವೇ’ ನಿಮ್ಮ ರೂಟರಿನ ವಿಳಾಸ; ಹಲವು ಮನೆಗಳಲ್ಲಿ ಅದು 192.168.1.1. ‘ಪಿಂಗ್’ ಎಂದು ಬರೆದು ಒಂದು ಜಾಗ ಬಿಟ್ಟು ಆ ವಿಳಾಸ ಕೊಡಿ. ಕಂಪ್ಯೂಟರು ನಾಲ್ಕು ಬಾರಿ ರೂಟರನ್ನು ಕೂಗಿ, ಓಗೊಡಲು ಎಷ್ಟು ಮಿಲಿಸೆಕೆಂಡು ಹಿಡಿಯಿತೆಂದು ಹೇಳುತ್ತದೆ. ಒಳ್ಳೆಯ ವೈಫೈಯಲ್ಲಿ ಇದು ಒಂದಂಕಿಯಲ್ಲಿ ಇರುತ್ತದೆ. ನೂರು ದಾಟುತ್ತಿದ್ದರೆ, ನಡುನಡುವೆ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಬರುತ್ತಿದ್ದರೆ ದೋಷ ನಿಮ್ಮ ಮನೆಯ ಗಾಳಿಯಲ್ಲೇ ಇದೆ, ಸಂಪರ್ಕ ಕೊಟ್ಟವರನ್ನು ದೂರಿ ಫಲವಿಲ್ಲ. ರೂಟರ್ ಚೆನ್ನಾಗಿ ಓಗೊಟ್ಟರೆ ಎರಡನೆಯ ಪಿಂಗ್ 8.8.8.8ಕ್ಕೆ, ಅದು ಗೂಗಲಿನ ಸರ್ವರ್. ಅಲ್ಲಿಂದ ಉತ್ತರವಿಲ್ಲದಿದ್ದರೆ ಮನೆಯ ಹೊರಗಿನ ದೋಷ. ಅಲ್ಲಿಂದಲೂ ಉತ್ತರ ಬಂದರೆ ಮೂರನೆಯದಾಗಿ ಅಂಕಿಯ ಬದಲು ಯಾವುದಾದರೂ ಪ್ರಸಿದ್ಧ ಜಾಲತಾಣದ ಹೆಸರನ್ನೇ ಕೊಡಿ. ಅಂಕಿಗೆ ಉತ್ತರ ಬಂದು ಹೆಸರನ್ನು ಮಾತ್ರ ಗುರುತಿಸದಿದ್ದರೆ ಡಿಎನ್‌ಎಸ್ ದೋಷ. ಸೆಟ್ಟಿಂಗ್ಸ್‌ನಲ್ಲಿ ವೈಫೈಯ ‘ಪ್ರಾಪರ್ಟೀಸ್’ ಎಂಬಲ್ಲಿ ಡಿಎನ್‌ಎಸ್ ವಿಳಾಸವನ್ನು 8.8.8.8 ಅಥವಾ ಕ್ಲೌಡ್‌ಫ್ಲೇರಿನ 1.1.1.1 ಎಂದು ಬದಲಿಸಿದರೆ ತಕ್ಷಣ ಸರಿಹೋಗುತ್ತದೆ. ಹೆಸರಿಗೂ ಉತ್ತರ ಬಂದು ಬ್ರೌಸರಿನಲ್ಲಿ ಮಾತ್ರ ಪುಟ ಬಾರದಿದ್ದರೆ ನೆಟ್ಟನ್ನು ಬೇರೊಂದು ಸರ್ವರಿನ ಮೂಲಕ ಸುತ್ತಿಸುವ ಯಾವುದೋ ವಿಪಿಎನ್, ಪ್ರಾಕ್ಸಿ ಅಥವಾ ಅವಧಿ ಮುಗಿದ ಆಂಟಿವೈರಸ್ ಅಡ್ಡ ನಿಂತಿದೆ.

ವಿಂಡೋಸಿನ ‘ನೆಟ್‌ವರ್ಕ್ ರೀಸೆಟ್’ ಎಂಬುದನ್ನು ಇವೆಲ್ಲ ಆದ ಮೇಲೆ, ಕೊನೆಗೆ ಮಾತ್ರ ಬಳಸಿ. ಅದು ರೂಟರಿಗೆ ಏನೂ ಮಾಡುವುದಿಲ್ಲ, ಆದರೆ ಕಂಪ್ಯೂಟರು ನೆನಪಿಟ್ಟ ಎಲ್ಲ ವೈಫೈ ಪಾಸ್‌ವರ್ಡುಗಳನ್ನೂ ಮರೆಸುತ್ತದೆ.

ನಿಧಾನ: ಮುರಕಲ್ಲಿನ ಗೋಡೆ, ತಗಡಿನ ಮಾಡು

ಸಂಪರ್ಕ ಇದ್ದೂ ಕರೆ ತಡೆತಡೆದು ಬರುವುದೇ ನಮ್ಮ ಊರಿನಲ್ಲಿ ನಿಜವಾಗಿ ಹೆಚ್ಚು ಜನರನ್ನು ಕಾಡುವ ತೊಂದರೆ. ಅದರ ಕಾರಣ ನಾವು ಮನೆ ಕಟ್ಟುವ ಬಗೆಯಲ್ಲೇ ಇದೆ. ನಮ್ಮ ಹಳೆಯ ಮನೆಗಳ ಮುರಕಲ್ಲಿನ ಗೋಡೆಗಳು ದಪ್ಪ, ಅವು ನೀರನ್ನು ಹೀರಿಕೊಳ್ಳುತ್ತವೆ, ಮತ್ತು ನೀರು ವೈಫೈ ಅಲೆಗಳನ್ನು ನುಂಗುತ್ತದೆ. ಬೇಸಗೆಯಲ್ಲಿ ಒಳಕೋಣೆಯಲ್ಲಿ ಹೇಗೋ ಸಿಗುತ್ತಿದ್ದ ಸಿಗ್ನಲ್ ಆಟಿ ತಿಂಗಳ ಮಳೆಯಲ್ಲಿ ಗೋಡೆ ನೆಂದು ನಿಂತಾಗ ಕುಂದುವುದು ಭ್ರಮೆಯಲ್ಲ. ಹಂಚಿನ ಮಾಡು ಅಲೆಗಳನ್ನು ಅಷ್ಟಾಗಿ ತಡೆಯುವುದಿಲ್ಲ. ಕಬ್ಬಿಣದ ಸರಳುಗಳಿರುವ ಕಾಂಕ್ರೀಟ್ ಸ್ಲ್ಯಾಬ್ ಚೆನ್ನಾಗಿ ತಡೆಯುತ್ತದೆ, ಮಳೆಗೆಂದು ಟೆರೇಸಿನ ಮೇಲೆ ಹಾಕುವ ತಗಡಿನ ಶೀಟ್ ಅಲೆಗಳನ್ನು ಬಹುತೇಕ ಹಿಂದಕ್ಕೇ ತಳ್ಳುತ್ತದೆ. ಕಬ್ಬಿಣದ ಕಪಾಟು, ಅದರ ಬಾಗಿಲಿನ ದೊಡ್ಡ ಕನ್ನಡಿ, ಮೀನಿನ ತೊಟ್ಟಿ, ಇವೆಲ್ಲ ಅದೇ ಸಾಲಿಗೆ ಸೇರಿದವು.

ಅಂಬಲಪಾಡಿಯ ಹಳೆಯ ಮನೆಯೊಂದರಲ್ಲಿ ಇದನ್ನು ಕಣ್ಣಾರೆ ಕಂಡೆ. ರೂಟರ್ ಚಾವಡಿಯಲ್ಲಿ, ಕಂಪ್ಯೂಟರು ಒಳಕೋಣೆಯಲ್ಲಿ, ನಡುವೆ ಒಂದೇ ಗೋಡೆ. ಆದರೂ ಮಗಳ ತರಗತಿ ಪದೇ ಪದೇ ನಿಲ್ಲುತ್ತಿತ್ತು. ಮೇಜಿನ ಕೆಳಗೆ ಬಗ್ಗಿ ನೋಡಿದರೆ ಡೆಸ್ಕ್‌ಟಾಪಿನ ಡಬ್ಬ ಗೋಡೆಗೆ ಅಂಟಿಕೊಂಡು ನಿಂತಿತ್ತು. ಬೆರಳುದ್ದದ ಯುಎಸ್‌ಬಿ ವೈಫೈ ತುಂಡನ್ನು ಅದರ ಹಿಂಬದಿಗೆ ಸಿಕ್ಕಿಸಿದ್ದರು. ಒಂದು ಬದಿಯಲ್ಲಿ ಡಬ್ಬದ ಲೋಹ, ಇನ್ನೊಂದು ಬದಿಯಲ್ಲಿ ಒದ್ದೆ ಮುರಕಲ್ಲು, ಪಕ್ಕದ ರಂಧ್ರದಲ್ಲಿ ಯುಎಸ್‌ಬಿ 3 ಹಾರ್ಡ್ ಡಿಸ್ಕ್. ಯುಎಸ್‌ಬಿ 3 ಸಾಧನಗಳು ಕೆಲಸ ಮಾಡುವಾಗ ಸರಿಯಾಗಿ 2.4 ಗಿಗಾಹರ್ಟ್ಸ್ ಸುತ್ತಲೇ ಗದ್ದಲ ಎಬ್ಬಿಸುತ್ತವೆ. ಒಂದೂವರೆ ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಶನ್ ತಂತಿ ಹಾಕಿ ಆ ತುಂಡನ್ನು ಮೇಜಿನ ಮೇಲೆ, ಬಾಗಿಲಿಗೆ ನೇರವಾಗಿ ಇಟ್ಟೆವು. ರೂಟರ್ ಬದಲಿಸಲಿಲ್ಲ, ಪ್ಲಾನ್ ಬದಲಿಸಲಿಲ್ಲ. ಆ ದಿನದಿಂದ ತರಗತಿ ನಿಂತಿಲ್ಲ. ಡೆಸ್ಕ್‌ಟಾಪಿನ ಹಿಂದೆ ತಿರುಗಿಸಿ ಕೂರಿಸುವ ಎರಡು ಆಂಟೆನಾಗಳನ್ನು ಪೆಟ್ಟಿಗೆಯಿಂದ ತೆಗೆಯದೆಯೇ ವರ್ಷಗಟ್ಟಲೆ ಬಳಸುವವರೂ ಇದ್ದಾರೆ. ನಿಮ್ಮದನ್ನು ಈಗಲೇ ನೋಡಿ.

ಸಿಗ್ನಲನ್ನು ಗೆರೆಗಳಿಂದ ಅಂದಾಜು ಮಾಡುವ ಬದಲು ಅಂಕಿಯಲ್ಲೇ ನೋಡಬಹುದು. ಕಪ್ಪು ಕಿಟಕಿಯಲ್ಲಿ ಎನ್-ಇ-ಟಿ-ಎಸ್-ಎಚ್, ಜಾಗ, ಡಬ್ಲ್ಯು-ಎಲ್-ಎ-ಎನ್, ಜಾಗ, ‘ಶೋ’, ಜಾಗ, ‘ಇಂಟರ್‌ಫೇಸಸ್’ ಎಂದು ಕೊಟ್ಟರೆ ‘ಸಿಗ್ನಲ್’ ಎಂಬ ಸಾಲಿನಲ್ಲಿ ಶೇಕಡಾವಾರು ಸಿಗುತ್ತದೆ. ವಿಂಡೋಸ್ ಲೊಕೇಶನ್ ಅನುಮತಿ ಕೇಳಿದರೆ ಕೊಡಿ. ಶೇಕಡ 60ಕ್ಕಿಂತ ಕೆಳಗಿದ್ದರೆ ವಿಡಿಯೊ ಕರೆಗೆ ಭರವಸೆ ಕಡಿಮೆ. ರೂಟರನ್ನೋ ಕಂಪ್ಯೂಟರನ್ನೋ ಒಂದೊಂದು ಮೊಳ ಸರಿಸುತ್ತ ಪ್ರತಿ ಸಲವೂ ಈ ಅಂಕಿ ನೋಡಿದರೆ ಒಳ್ಳೆಯ ಜಾಗ ತಾನಾಗಿ ಸಿಗುತ್ತದೆ. ರೂಟರ್ ಎದೆಯೆತ್ತರಕ್ಕಿಂತ ಮೇಲಿರಲಿ, ಟಿವಿಯ ಹಿಂದೆ ಇರುವುದು ಬೇಡ. 

2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಇವೆರಡರಲ್ಲಿ ಯಾವುದನ್ನು ಆರಿಸಬೇಕು ಎಂಬುದಕ್ಕೆ ಉತ್ತರ ನಿಮ್ಮ ಮನೆಯೇ ಹೇಳುತ್ತದೆ. ಮೊದಲನೆಯದು ಗೋಡೆ ದಾಟಿ ದೂರ ಹೋಗುತ್ತದೆ, ವೇಗ ಕಡಿಮೆ. ಎರಡನೆಯದು ವೇಗವಾಗಿರುತ್ತದೆ, ಗೋಡೆಗೆ ಬೇಗ ಸೋಲುತ್ತದೆ. ಒಂಟಿ ಮನೆಯ ಒಳಕೋಣೆಗೆ ಮೊದಲನೆಯದೇ ಗತಿ. ಮಣಿಪಾಲದ ಅಥವಾ ಕದ್ರಿಯ ಅಪಾರ್ಟ್‌ಮೆಂಟಿನಲ್ಲಿ ಪರಿಸ್ಥಿತಿ ತಿರುವುಮುರುವಾಗುತ್ತದೆ: ಪಟ್ಟಿ ತೆರೆದರೆ ಅಕ್ಕಪಕ್ಕದವರ ಇಪ್ಪತ್ತು ಮೂವತ್ತು ಹೆಸರುಗಳು, ಎಲ್ಲವೂ ಇಕ್ಕಟ್ಟಾದ 2.4ರಲ್ಲೇ ಮಾತನಾಡುತ್ತಿರುತ್ತವೆ. ಆ ಹರವಿನಲ್ಲಿ ಚಾನೆಲ್‌ಗಳು 5 ಮೆಗಾಹರ್ಟ್ಸ್ ಅಂತರದಲ್ಲಿವೆ, ಒಂದು ವೈಫೈಗೆ ಬೇಕಾದ ಅಗಲ ಸುಮಾರು 20 ಮೆಗಾಹರ್ಟ್ಸ್; ಹಾಗಾಗಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳೆಂದು 1, 6, 11 ಈ ಮೂರನ್ನೇ ಹೇಳುತ್ತಾರೆ. ಯಾವುದೂ ಖಾಲಿಯಿಲ್ಲವೆಂದು ನಡುವಿನ 3ನ್ನೋ 8ನ್ನೋ ಆರಿಸಿದರೆ ಎರಡೂ ಬದಿಯವರ ಗದ್ದಲ ನಿಮ್ಮ ಮೇಲೆ, ನಿಮ್ಮದು ಅವರ ಮೇಲೆ. ಫೋನಿನ ಯಾವುದಾದರೂ ವೈಫೈ ಅನಲೈಸರ್ ಆ್ಯಪಿನಲ್ಲಿ ಮೂರರಲ್ಲಿ ಕಡಿಮೆ ಜನರಿರುವುದನ್ನು ನೋಡಿ, ರೂಟರಿನ ಪುಟದಲ್ಲಿ (ಬ್ರೌಸರಿನಲ್ಲಿ ಡಿಫಾಲ್ಟ್ ಗೇಟ್‌ವೇ ವಿಳಾಸ ಕೊಟ್ಟರೆ ತೆರೆಯುವುದು) ಅದನ್ನು ಇಟ್ಟು, ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್ ಮಾಡಿ. ಕಂಪ್ಯೂಟರು ರೂಟರಿನ ಕೋಣೆಯಲ್ಲೇ ಇದ್ದರೆ ಈ ಕಷ್ಟವೇ ಬೇಡ, 5ಕ್ಕೆ ಸೇರಿಸಿ. ಅಡುಗೆ ಕೋಣೆಯಲ್ಲಿ ಮೈಕ್ರೋವೇವ್ ತಿರುಗುವಾಗ ಮಾತ್ರ ಕರೆ ಕಡಿಯುವುದಾದರೆ ಅದಕ್ಕೂ 5 ಗಿಗಾಹರ್ಟ್ಸೇ ಮದ್ದು, ಏಕೆಂದರೆ ಒಲೆಯೂ 2.45 ಗಿಗಾಹರ್ಟ್ಸ್‌ನಲ್ಲೇ ಕೆಲಸ ಮಾಡುತ್ತದೆ.

ವೇಗ ಅಳೆಯುವವರು ಒಂದು ಲೆಕ್ಕ ನೆನಪಿಡಬೇಕು. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಪ್ಲಾನಿನಲ್ಲಿ ಕಡತ ಇಳಿಯುವುದು ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್, ಎಂಟು ಬಿಟ್ ಸೇರಿ ಒಂದು ಬೈಟ್. 12 ಎಂದು ತೋರಿಸಿದರೆ ಮೋಸವಾಗಿಲ್ಲ. ಇನ್ನು, ಕಂಪ್ಯೂಟರು ಸ್ಥಳ ಬದಲಿಸದ ಡೆಸ್ಕ್‌ಟಾಪ್ ಆಗಿದ್ದರೆ ನನ್ನ ಖಚಿತ ಸಲಹೆ, ಗೋಡೆಯಲ್ಲಿ ಒಂದು ತೂತು ಕೊರೆಸಿ ಲ್ಯಾನ್ ತಂತಿ ಎಳೆಯುವುದು. ಮುರಕಲ್ಲಿಗೆ ಎದುರಾಗಿ ಅದಕ್ಕಿಂತ ನಂಬಿಕಸ್ತ ಉಪಾಯ ಇನ್ನೊಂದಿಲ್ಲ. ಸಿಗ್ನಲನ್ನು ಹಿಡಿದು ಮುಂದಕ್ಕೆ ಹರಡುವ ದುಬಾರಿ ರಿಪೀಟರುಗಳಿಗೆ ಹಣ ಸುರಿಯುವ ಮೊದಲು ಇದನ್ನು ಯೋಚಿಸಿ.

ಮಳೆ, ಸಿಡಿಲು ಮತ್ತು ದೂರು

ಮಳೆಗಾಲಕ್ಕೆ ಮೊದಲಿನ ಎಪ್ರಿಲ್, ಮೇ ಮತ್ತು ಮಳೆ ಹಿಂದೆ ಸರಿಯುವ ಅಕ್ಟೋಬರ್‌ಗಳಲ್ಲಿ ಕರಾವಳಿಯ ಸಿಡಿಲಿಗೆ ಸುಟ್ಟುಹೋಗುವ ರೂಟರುಗಳು ಕಡಿಮೆಯಲ್ಲ. ಗಾಜಿನ ಎಳೆ ವಿದ್ಯುತ್ ಹರಿಸದು, ನಿಜ. ಆದರೆ ಕಂಬದಿಂದ ಮನೆಗೆ ಎಳೆಯುವ ಕೆಲವು ಫೈಬರ್ ತಂತಿಗಳಲ್ಲಿ ಆಧಾರಕ್ಕೆಂದು ಉಕ್ಕಿನ ಎಳೆಯೂ ಇರುತ್ತದೆ, ಮತ್ತು ಸಿಡಿಲಿನ ಆಘಾತ ಮುಖ್ಯವಾಗಿ ಬರುವುದು ಕರೆಂಟಿನ ದಾರಿಯಲ್ಲಿ. ಗುಡುಗು ಕೇಳಿದೊಡನೆ ಸ್ವಿಚ್ ಆರಿಸಿದರೆ ಸಾಲದು, ಅಡಾಪ್ಟರನ್ನು ಪ್ಲಗ್ಗಿನಿಂದಲೇ ಕೀಳಬೇಕು; ರೂಟರಿಗೂ ಕಂಪ್ಯೂಟರಿಗೂ ನಡುವೆ ಲ್ಯಾನ್ ತಂತಿ ಇದ್ದರೆ ಅದನ್ನೂ ಕಳಚಬೇಕು. ಕರೆಂಟ್ ಪದೇ ಪದೇ ಹೋಗುವ ಕಡೆ ರೂಟರಿಗೆಂದೇ ಸಿಗುವ ಚಿಕ್ಕ ಡಿಸಿ ಯುಪಿಎಸ್ ಉಪಯುಕ್ತ. ಕೊಳ್ಳುವಾಗ ಹಳೆಯ ಅಡಾಪ್ಟರಿನ ಮೇಲೆ ಬರೆದ ವೋಲ್ಟೇಜನ್ನೂ ಆಂಪಿಯರನ್ನೂ ನೋಡಿ, ವೋಲ್ಟೇಜ್ ಅಷ್ಟೇ, ಆಂಪಿಯರ್ ಅಷ್ಟಾದರೂ ಇರುವುದನ್ನು ಆರಿಸಿ. ಸಿಡಿಲಿನ ಮರುದಿನ ಎಲ್ಲ ದೀಪ ಆರಿದ್ದರೆ ಮೊದಲು ಅಡಾಪ್ಟರನ್ನು ಬದಲಿಸಿ ನೋಡಿ; ಕೆಲವೊಮ್ಮೆ ಅದು ಮಾತ್ರ ಸುಟ್ಟು ರೂಟರ್ ಉಳಿದಿರುತ್ತದೆ.

ಹೊರಗಿನ ದೋಷವೆಂದು ಖಚಿತವಾದ ಮೇಲೆ ದೂರು ಕೊಡುವಾಗ ‘ನೆಟ್ ಇಲ್ಲ’ ಎನ್ನಬೇಡಿ. ‘ಎಲ್‌ಓಎಸ್ ದೀಪ ಬೆಳಗಿನ ಆರು ಗಂಟೆಯಿಂದ ಕೆಂಪಾಗಿದೆ’ ಎನ್ನಿ, ಅಥವಾ ‘ಲ್ಯಾನ್ ತಂತಿಯಲ್ಲಿ ಜೋಡಿಸಿ ನೋಡಿದರೂ ರೂಟರಿಗೆ ಪಿಂಗ್ ಹೋಗುತ್ತದೆ, 8.8.8.8ಕ್ಕೆ ಹೋಗುವುದಿಲ್ಲ’ ಎನ್ನಿ. ಹೀಗೆ ಹೇಳಿದರೆ ಅವರು ‘ರೂಟರ್ ಆರಿಸಿ ಹಚ್ಚಿ’ ಎಂಬಲ್ಲಿಂದ ಶುರುಮಾಡುವ ಅಗತ್ಯ ಬೀಳುವುದಿಲ್ಲ. ದೂರಿಗೆ ಡಾಕೆಟ್ ಸಂಖ್ಯೆ ಪಡೆಯುವುದು ನಿಮ್ಮ ಹಕ್ಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2012ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ದೂರು ಕೇಂದ್ರದ ಉತ್ತರ ತೃಪ್ತಿ ಕೊಡದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಆ ಸಂಖ್ಯೆ ಬೇಕೇ ಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ತಂತ್ರಜ್ಞರು ಮನೆಗೆ ಬಂದಾಗ ಅವರ ಕೈಯಲ್ಲಿರುವ ಮೀಟರಿನಲ್ಲಿ ಬೆಳಕಿನ ಬಲ ಎಷ್ಟು ಡಿಬಿಎಂ ಎಂದು ಕೇಳಿ. ಅಂಕಿಯ ಮುಂದೆ ಋಣ ಚಿಹ್ನೆ ಇರುತ್ತದೆ. ಋಣ 20ರ ಆಸುಪಾಸು ಒಳ್ಳೆಯದು, ಋಣ 27ರ ಹತ್ತಿರ ಬಂದರೆ ಇಂದು ಸರಿಯಾದ ಸಂಪರ್ಕ ಮುಂದಿನ ಮಳೆಗೆ ಮತ್ತೆ ಹೋಗುವ ಸಾಧ್ಯತೆ ಹೆಚ್ಚು, ಆದ್ದರಿಂದ ಕನೆಕ್ಟರನ್ನು ಹೊಸದಾಗಿ ಮಾಡಿಕೊಡಲು ಆಗಲೇ ಕೇಳಿಕೊಳ್ಳಿ. ನಿಮ್ಮ ಪಿಪಿಪಿಓಇ ಹೆಸರನ್ನೂ ಪಾಸ್‌ವರ್ಡನ್ನೂ ಅವರಿಂದ ಕೇಳಿ, ಹಾಲಿನ ಲೆಕ್ಕ ಬರೆಯುವಂತಹ ಒಂದು ಪುಸ್ತಕದಲ್ಲಿ ಆ ಡಿಬಿಎಂ ಅಂಕಿಯ ಜೊತೆಗೆ ತಾರೀಕು ಹಾಕಿ ಬರೆದಿಡಿ.